ಬೀಗದಣ್ಣನ ಮೂವರು ಅಕ್ಕತಂಗಿಯರು, ಒಬ್ಬಳು ಸೊಸೆ

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ಮುಚ್ಚಿಹೋದ ಮುದ್ರಣಾಲಯವೊಂದರ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಒಬ್ಬರು ಕಾರಿನಿಂದ ಕಾರಿಗೆ ಹೋಗುತ್ತಿದ್ದಾರೆ. ಕೆನೆಬಣ್ಣದ ಕಾರಿನಲ್ಲಿ ಕುಳಿತು ಕೀಲಿ ತಿರುಗಿಸುತ್ತಾರೆ. ಅದು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ನೀಲಿ ಕಾರು ಕೆಮ್ಮುವ ಗೋಜಿಗೂ ಹೋಗುವುದಿಲ್ಲ. ಬೂದುಬಣ್ಣದ್ದರ ಹತ್ತಿರ ಅವರು ಹೋಗುವುದೇ ಇಲ್ಲ. ಕೊನೆಗೆ ಕೆಂಪು ಕಾರು ಮೈಯೆಲ್ಲ ನಡುಗಿಸಿಕೊಂಡು ಎದ್ದು ನಿಲ್ಲುತ್ತದೆ.

"ಇವತ್ತು ಚಿಕ್ಕವಳ ಸರದಿ," ಎಂದು ಉಪಕರಣಗಳ ಚೀಲವನ್ನು ಪಕ್ಕದ ಸೀಟಿಗೆ ಎಸೆಯುತ್ತಾರೆ.

ಇವರ ಕಸುಬು ಬೀಗ ರಿಪೇರಿ. ಸುತ್ತಲಿನ ಬೀದಿಗಳಿಗೆಲ್ಲ ಇವರು ಬೀಗದಣ್ಣ. ಬೀಗ ತೆಗೆಯುವುದರಲ್ಲಿ ಪಳಗಿದ ಈ ಕೈಗಳ ಸ್ವಂತ ಕಾರುಗಳಿಗೆ ಬೀಗವೆಂಬುದು ಹೆಸರಿಗಷ್ಟೇ ಇದೆ. ಕಾರ್ಖಾನೆ ಕೊಟ್ಟಾಗ ನಾಲ್ಕಕ್ಕೂ ಬೇರೆ ಬೇರೆ ಕೀಲಿ ಇದ್ದಿರಬೇಕು. ಸವೆದು ಸವೆದು ಈಗ ಯಾವ ಕೀಲಿಯಿಂದ ಯಾವ ಕಾರನ್ನಾದರೂ ತೆರೆಯಬಹುದು. ಕದಿಯುವವರು ಬರಲಿಲ್ಲವೇ ಎಂದರೆ ಬೀಗದಣ್ಣ ನಗುತ್ತಾರೆ. "ಕದಿಯೋಕೆ ಮೊದಲು ಸ್ಟಾರ್ಟ್ ಆಗಬೇಕಲ್ಲ."

ಇಂದು ಕರೆದವರು ರಾತ್ರಿ ಪಾಳಿ ಮುಗಿಸಿ ಬಂದ ದಾದಿ. ಕೀಲಿ ಮನೆಯೊಳಗೆ, ಅವರು ಹೊರಗೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಕಾಲು ಚಾಚಿ ಕುಳಿತಿದ್ದಾರೆ.

"ಅಣ್ಣಾ, ಬಾಗಿಲು ಒಡೀಬೇಡಿ. ಬಾಡಿಗೆ ಮನೆ."

"ಒಡೆಯೋಕೆ ನಾನ್ಯಾಕೆ ತಾಯಿ? ಒಂದು ಕಲ್ಲು ಸಾಕಾಗಿತ್ತು."

ಬೀಗದಣ್ಣ ಮಂಡಿಯೂರಿ, ಕಿವಿಯನ್ನು ಬಾಗಿಲಿಗಿಟ್ಟು, ತೆಳ್ಳಗಿನ ಎರಡು ಕಡ್ಡಿಗಳನ್ನು ಬೀಗದ ಬಾಯಿಗೆ ಹಾಕುತ್ತಾರೆ. ಒಳಗೆ ಏನೋ ಸಡಿಲುತ್ತದೆ. ದಾದಿ ಅವರನ್ನು ದಾಟಿಕೊಂಡು ಒಳಗೆ ಧಾವಿಸುತ್ತಾರೆ, ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಕೂಲಿ ಕೊಡಬೇಕಿತ್ತೆಂಬುದು ಆಕೆಗೆ ನೆನಪಾಗುವ ತನಕ ಬೀಗದಣ್ಣ ಮೆಟ್ಟಿಲ ಮೇಲೆ ಕಾಯುತ್ತಾರೆ. ಇದರಲ್ಲಿ ಅವರಿಗೆ ಬೇಸರವಿಲ್ಲ. ಬಾಗಿಲು ತೆರೆದಾಗ ಎಲ್ಲರ ಕಣ್ಣೂ ಒಳಗಿನ ಕಡೆಗೇ ಇರುತ್ತದೆ. ತೆರೆದವನ ಮುಖವನ್ನು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ನಾಲ್ಕೂ ಇಟಲಿಯ ಹಳೆಯ ಕಾರುಗಳು. ಅವೇ ಏಕೆ ಎಂಬ ಪ್ರಶ್ನೆಗೆ ಅವರ ಉತ್ತರ ಚಿಕ್ಕದು. "ಯಾರೂ ಕೇಳದೆ ಬಿದ್ದಿದ್ದ ಕಾರು ಅದೊಂದೇ." ತೀರಿಕೊಂಡ ಡಾಕ್ಟರೊಬ್ಬರ ಅಂಗಳದಲ್ಲಿ ಕೆನೆಬಣ್ಣದ ಕಾರೊಂದು ಮರದ ಕೆಳಗೆ ಎಲೆ ಹೊದ್ದು ನಿಂತಿತ್ತು. ಕಚ್ಚಿಕೊಂಡಿದ್ದ ಅದರ ಬಾಗಿಲನ್ನು ತೆಗೆದುಕೊಡಲು ಹೋದ ಬೀಗದಣ್ಣ ಕಾರನ್ನೇ ಮನೆಗೆ ತಂದರು. ಅದರ ಬಿಡಿಭಾಗ ಊರಿನಲ್ಲಿ ಸಿಗಲಿಲ್ಲ. ಸಮುದ್ರ ದಾಟಿ ಬರುವ ಬಿಡಿಭಾಗಕ್ಕಿಂತ ಅದೇ ಜಾತಿಯ ಇನ್ನೊಂದು ಹಳೆಯ ಕಾರು ಅಗ್ಗವಾಗಿತ್ತು. ಬಿಚ್ಚಲೆಂದು ತಂದ ಆ ನೀಲಿ ಕಾರು ಮೊದಲನೆಯದಕ್ಕಿಂತ ಚೆನ್ನಾಗಿ ಓಡಿತು. ಆದ್ದರಿಂದ ಮೊದಲನೆಯದನ್ನು ಬಿಚ್ಚಿ ಎರಡನೆಯದಕ್ಕೆ ಹಾಕಿದರು. ಮೊದಲನೆಯದನ್ನು ಹಾಗೆಯೇ ಬಿಡಲು ಮನಸ್ಸು ಬಾರದೆ ಸಂಗೀತದ ಮೇಷ್ಟ್ರ ಕೆಂಪು ಕಾರನ್ನು ತಂದರು. ಹೀಗೆ ದೊಡ್ಡಕ್ಕ, ನಡುವಿನವಳು, ಚಿಕ್ಕವಳು ಎಂದು ಮೂವರಾದರು. ನಾಲ್ಕನೆಯದು ಬಣ್ಣದಂಗಡಿಯವರಿಂದ ಬಂದ ಬೂದುಬಣ್ಣದ ಕಾರು. ಕಂಪನಿ ಒಂದೇ, ಆದರೆ ಮಾದರಿ ಬೇರೆ. ಅದರ ಸಾಮಾನು ಇವರಿಗೆ ಆಗದು, ಇವರದ್ದು ಅದಕ್ಕೆ ಕೂರದು. ಅದಕ್ಕೆ ಸೊಸೆ ಎಂದು ಹೆಸರಿಟ್ಟವರು ಬೀಗದಣ್ಣನ ಹೆಂಡತಿ. ಅದರ ಸ್ಟಾರ್ಟರ್ ಮೋಟಾರು ಸತ್ತು ಬಹಳ ಕಾಲವಾಯಿತು. ಬದಲಿ ಇಲ್ಲ. ತಳ್ಳಿದರೆ ಮಾತ್ರ ಓಡುತ್ತದೆ.

ಲೆಕ್ಕಕ್ಕೆ ಕಾರು ನಾಲ್ಕು. ಒಂದು ದಿನಕ್ಕೆ ಓಡುವುದು ಒಂದು. ಆದರೆ ಆ ಒಂದನ್ನು ಓಡಿಸುತ್ತಿರುವುದು ಮಿಕ್ಕವುಗಳ ಅಂಗಾಂಗಗಳಾದ್ದರಿಂದ ಅವನ್ನು ಶೇಷವೆಂದು ಬದಿಗೆ ಬರೆಯುವಂತಿಲ್ಲ.

"ನಾಲ್ಕು ಕಾರಿನ ಒಡತಿ ಅಂತ ಬೀದಿಯವರೆಲ್ಲ ನನ್ನ ನೋಡಿ ಹೊಟ್ಟೆ ಉರ್ಕೊಳ್ತಾರೆ," ಎನ್ನುತ್ತಾರೆ ಹೆಂಡತಿ. ಆಕೆ ಪರದೆ ಹೊಲಿಯುವ ಅಂಗಡಿಯಲ್ಲಿ ದರ್ಜಿ. ಮಿಕ್ಕ ಬಟ್ಟೆಯಲ್ಲಿ ಸೀಟುಗಳಿಗೆ ಹೊದಿಕೆ ಹೊಲಿದವರೂ ಆಕೆಯೇ. "ನಾನು ಕೆಲಸಕ್ಕೆ ಹೋಗೋದು ಬಸ್ಸಲ್ಲಿ."

ಆ ಬೆಳಗಿನ ನಂತರ ಕೆಲವೇ ದಿನಗಳಲ್ಲಿ ಈ ಸಂಸಾರಕ್ಕೆ ಎರಡು ಮಾತುಗಳಿಂದ ಕುತ್ತು ಬಂತು. ಶೆಡ್ಡಿನ ಮಾಲೀಕರು ತಮ್ಮ ಸಾಮಾನಿಡಲು ಒಂದು ಮೂಲೆ ಬೇಕೆಂದು, ತಿಂಗಳೊಳಗೆ ಒಂದು ಕಾರು ಹೊರಗೆ ಹೋಗಬೇಕೆಂದು ಹೇಳಿದರು. ಅದೇ ವಾರ ಡಾಕ್ಟರ ಮಗಳು ಫೋನು ಮಾಡಿದರು. "ಅಪ್ಪನ ಕಾರು ಇನ್ನೂ ಇದೆಯಾ? ಇದ್ದರೆ ನನಗೇ ಕೊಡಿ."

ಬೀಗದಣ್ಣ ಇದೆ ಎಂದರು. ಫೋನು ಇಟ್ಟ ಮೇಲೆ ಅವರ ಮುಖ ಕಪ್ಪಿಟ್ಟಿತು.

"ಇದೆ ಅಂತ ಹೇಳಿಬಿಟ್ಟೆ ಕಣೇ. ಎಲ್ಲಿದೆ ಅಂತ ಕೇಳಿದ್ದರೆ ಏನು ಹೇಳ್ತಿದ್ದೆ?"

"ಅದರಲ್ಲಿ ಯೋಚಿಸೋದೇನ್ರೀ? ದೊಡ್ಡಕ್ಕನ್ನ ಕೊಟ್ಟು ಕಳಿಸಿ. ನಂಬರ್ ಪ್ಲೇಟು ಅದೇ ಇದೆ."

"ಪ್ಲೇಟು ಅದೇ, ತಗಡೂ ಅದೇ. ಡಾಕ್ಟರ ಎಂಜಿನ್ನು ಚಿಕ್ಕವಳ ಹೊಟ್ಟೇಲಿದೆ. ಅವರು ಕೂತ ಸೀಟು ನಡುವಿನವಳ ಹತ್ತಿರ ಇದೆ. ಯಾರದ್ದೋ ಎಂಜಿನ್ನಿರೋ ಡಬ್ಬ ಕೊಟ್ಟು ನಿಮ್ಮಪ್ಪನ ಕಾರು ಅನ್ನಲಾ?"

"ಚಿಕ್ಕವಳ ಎಂಜಿನ್ನು ಕಿತ್ತುಕೊಟ್ಟರೆ ನೀವು ಕೆಲಸಕ್ಕೆ ಹೋಗೋದು ಹೇಗೆ? ಕರೆದವರ ಮನೆಗೆ ನಡ್ಕೊಂಡು ಹೋಗೋ ಹೊತ್ತಿಗೆ ಅವರೇ ಕಿಟಕಿ ಒಡೆದು ಒಳಗೆ ಹೋಗಿರ್ತಾರೆ."

ದೊಡ್ಡಕ್ಕನನ್ನು ಇದ್ದಂತೆಯೇ ಸಾಗಿಸಿದ್ದರೆ ಕೇಳುವವರಾರೂ ಇರಲಿಲ್ಲ. ಎಂಜಿನ್ನನ್ನೂ ಕೊಟ್ಟುಬಿಟ್ಟರೆ ಅನ್ನದ ದಾರಿ ನಿಲ್ಲುತ್ತದೆ. ಬೀಗದಣ್ಣ ಎರಡನ್ನೂ ತೂಗಿ ನೋಡಿ, ಯಾವುದು ಭಾರವೆಂದು ತಿಳಿಯದೆ, ಕೊನೆಗೆ ಸ್ಪ್ಯಾನರು ಕೈಗೆತ್ತಿಕೊಂಡರು. ಡಾಕ್ಟರ ಕಾರಿನದ್ದೆಲ್ಲವನ್ನೂ ಡಾಕ್ಟರ ಕಾರಿಗೇ ಸೇರಿಸುವುದೆಂದು ನಿಶ್ಚಯಿಸಿದರು.

ನಿಶ್ಚಯಿಸುವುದು ಸುಲಭವಾಗಿತ್ತು. ಯಾವುದು ಡಾಕ್ಟರದು?

"ಈ ಸ್ಟೀರಿಂಗ್ ಚಕ್ರ ನಡುವಿನವಳದ್ದು," ಎಂದರು ಬೀಗದಣ್ಣ.

"ಅಲ್ಲವೇ ಅಲ್ಲ. ನಿಮ್ಮ ತಂಗಿ ಮದುವೆಗೆ ದೊಡ್ಡಕ್ಕನಲ್ಲಿ ಹೋದಾಗ ಇದೇ ಚಕ್ರ ಅಲ್ಲಾಡ್ತಾ ಇತ್ತು."

"ಆ ಮದುವೆಗೆ ನಾವು ಬಸ್ಸಲ್ಲಿ ಹೋಗಿದ್ವಿ."

"ಹೊರಟಿದ್ದು ದೊಡ್ಡಕ್ಕನಲ್ಲೇ ರೀ. ಸೇತುವೆ ಹತ್ತಿರ ಕೆಟ್ಟು ನಿಂತ ಮೇಲೆ ತಾನೇ ಬಸ್ಸು ಹತ್ತಿದ್ದು?"

ಬೀಗದಣ್ಣ ಚಕ್ರವನ್ನು ದೊಡ್ಡಕ್ಕನಿಗೆ ಹಾಕಿದರು. ಮರುದಿನ ತೆಗೆದರು. ಅದರ ಮರುದಿನ ಮತ್ತೆ ಹಾಕಿದರು. ಎಂಜಿನ್ನಿನ ವಿಷಯದಲ್ಲೂ ಹಾಗೆಯೇ ಅನುಮಾನ ಹೊಕ್ಕಿತು. ಅದು ನೇರವಾಗಿ ಚಿಕ್ಕವಳಿಗೆ ಹೋಗಿತ್ತೋ, ನಡುವಿನವಳ ಮನೆಯಲ್ಲಿ ಕೆಲಕಾಲವಿದ್ದು ಹೋಗಿತ್ತೋ? ಒಂದು ಕಾರಿನಿಂದ ಇನ್ನೊಂದಕ್ಕೆ ಸಾಲ ಕೊಡುವಾಗ ಹಿಂತಿರುಗಿಸುವ ಮಾತು ಎಂದೂ ಬಂದಿರಲಿಲ್ಲ. ಎಲ್ಲವೂ ಒಂದೇ ಶೆಡ್ಡಿನೊಳಗೆ ಇದೆಯಲ್ಲ ಎಂಬ ಧೈರ್ಯ. ವಾರ ಮುಗಿಯುವ ಹೊತ್ತಿಗೆ ಚಿಕ್ಕವಳ ಮೂತಿ ಟೊಳ್ಳಾಗಿತ್ತು, ನಡುವಿನವಳಲ್ಲಿ ಕೂರಲು ಸೀಟಿರಲಿಲ್ಲ. ಕೈ ಹಚ್ಚಿಸಿಕೊಳ್ಳದೆ ಉಳಿದವಳು ಸೊಸೆಯೊಬ್ಬಳೇ.

ಡಾಕ್ಟರ ಮಗಳು ಶನಿವಾರ ಬೆಳಿಗ್ಗೆ ಬಸ್ಸಿಳಿದು ನಡೆದು ಬಂದರು. ಐವತ್ತು ದಾಟಿದವರು, ಇಸ್ತ್ರಿ ಮುರಿಯದ ಬಟ್ಟೆ, ಕೈಯಲ್ಲಿ ಪುಟ್ಟ ಚೀಲ. ಒರೆಸಿ ಹೊಳೆಯಿಸಿ ನಿಲ್ಲಿಸಿದ್ದ ದೊಡ್ಡಕ್ಕನೊಳಗೆ ಕುಳಿತರು. ಚಕ್ರ ಹಿಡಿದರು, ಬಿಟ್ಟರು.

"ಎಲ್ಲಾ ಇದೆ," ಎಂದರು ಕೊನೆಗೆ. "ಆದರೆ ಯಾರದ್ದೋ ಮನೆಗೆ ಬಂದ ಹಾಗಿದೆ."

ಬೀಗದಣ್ಣ ಕೀಲಿ ತಿರುಗಿಸಿದರು. ಎಂಜಿನ್ನು ಕೆಮ್ಮಲೂ ಇಲ್ಲ. ದೇಹ ಡಾಕ್ಟರ ಕಾರಿನದು, ಎಂಜಿನ್ನೂ ಬಹುಶಃ ಅದರದ್ದೇ. ಆದರೂ ಎರಡಕ್ಕೂ ಪರಸ್ಪರ ಗುರುತು ಸಿಗಲಿಲ್ಲ.

"ಇರಲಿ ಬಿಡಿ, ಲಾರಿ ಮೇಲೆ ಹಾಕಿಸಿಕೊಂಡು ಹೋಗ್ತೀನಿ," ಎಂದು ಆಕೆ ಇಳಿಯುವಷ್ಟರಲ್ಲಿ ಬೀಗದಣ್ಣನ ಫೋನು ಕೂಗಿತು. ಕರೆದದ್ದು ಊರಿನ ಆಚೆ ತುದಿಯ ಏರಿನ ಮೇಲಿರುವ ಮನೆಯ ತಾಯಿ. ಒಣಹಾಕಿದ ಬಟ್ಟೆ ತರಲು ಹೊರಗೆ ಬಂದಿದ್ದರು, ಗಾಳಿಗೆ ಬಾಗಿಲು ಬಡಿದು ಬೀಗ ಬಿದ್ದಿದೆ. ನಡೆಯಲು ಕಲಿತಷ್ಟೇ ಆಗಿರುವ ಮಗು ಒಳಗಿದೆ. ಒಲೆ ಉರಿಯುತ್ತಿದೆ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು.

ಬೀಗದಣ್ಣ ಚಿಕ್ಕವಳ ಕಡೆಗೆ ಓಡಿದರು. ಬಾಗಿಲು ತೆಗೆದ ಮೇಲೆ ನೆನಪಾಯಿತು. ನಡುವಿನವಳ ಕಡೆ ತಿರುಗಿ ನಿಂತರು. ತಾವೇ ಬಿಚ್ಚಿಟ್ಟ ಕಾರುಗಳ ನಡುವೆ, ಕೈಯಲ್ಲಿ ಎಲ್ಲಕ್ಕೂ ಸಲ್ಲುವ ಕೀಲಿ ಹಿಡಿದು, ಎತ್ತ ಹೋಗಬೇಕೆಂದು ತಿಳಿಯದೆ ನಿಂತರು.

"ಸೊಸೆ!" ಹೆಂಡತಿ ಕೂಗಿದರು. "ಸೊಸೆನ್ನ ತಳ್ರೀ! ನಿಂತ್ಕೊಂಡು ಏನು ನೋಡ್ತೀರಿ?"

ಬೀಗದಣ್ಣ ಚಕ್ರ ಹಿಡಿದರು, ಹೆಂಡತಿ ಹಿಂದಿನಿಂದ ಬೆನ್ನು ಕೊಟ್ಟರು. ಡಾಕ್ಟರ ಮಗಳು ಚೀಲವನ್ನು ನೆಲಕ್ಕೆ ಬಿಸುಟು, ಬಟ್ಟೆಯ ತೋಳನ್ನು ಮೇಲಕ್ಕೆ ಮಡಚಿ, ಪಕ್ಕದಲ್ಲಿ ಬಂದು ನಿಂತರು.

"ಬೆನ್ನಲ್ಲಿ ಅಲ್ಲ, ಅಂಗೈಯಲ್ಲಿ. ಮೊದಲು ಹಿಂದಕ್ಕೆ ಒಂದು ತೂಗು ತೂಗಿ, ಆಮೇಲೆ ಮುಂದಕ್ಕೆ."

ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ಸೊಸೆ ಒಮ್ಮೆ ಜರ್ಕು ಹೊಡೆದು ಹೊಗೆ ಕಾರಿತು. ಎಂಜಿನ್ನು ಹಿಡಿಯಿತು. ನಿಲ್ಲಿಸಿದರೆ ಮತ್ತೆ ಸತ್ತೀತೆಂದು ಬೀಗದಣ್ಣ ಬ್ರೇಕು ಒತ್ತಲಿಲ್ಲ. ಡಾಕ್ಟರ ಮಗಳು ನಾಲ್ಕು ಹೆಜ್ಜೆ ಓಡಿ, ಚಲಿಸುತ್ತಿದ್ದ ಕಾರಿನ ಬಾಗಿಲು ತೆಗೆದು ಒಳಗೆ ಹಾರಿ ಕುಳಿತರು. ಹಿಂದಿನಿಂದ ಹೆಂಡತಿ ಉಪಕರಣದ ಚೀಲ ಹಿಡಿದು ಓಡಿಬಂದು ಕಿಟಕಿಯೊಳಕ್ಕೆ ಎಸೆದರು.

"ಬೀಗದವನು ಚೀಲ ಬಿಟ್ಟು ಹೊರಟ! ಹಲ್ಲಲ್ಲಿ ಕಚ್ಚಿ ತೆಗೀತೀರಾ?"

ಏರಿನ ಮೇಲಿನ ಮನೆಯೆದುರು ಬೀಗದಣ್ಣ ಇಳಿಯುತ್ತಿದ್ದಂತೆಯೇ ಡಾಕ್ಟರ ಮಗಳು ಅವರ ಸೀಟಿಗೆ ಸರಿದು ಆಕ್ಸಿಲರೇಟರಿನ ಮೇಲೆ ಕಾಲಿಟ್ಟರು. "ನೀವು ಹೋಗಿ. ಇದು ಆರದ ಹಾಗೆ ನಾನು ನೋಡ್ಕೊಳ್ತೀನಿ."

ಅಂಗಳದಲ್ಲಿ ತಾಯಿ ಬಾಗಿಲನ್ನು ಎರಡೂ ಕೈಯಲ್ಲಿ ಬಡಿಯುತ್ತಿದ್ದರು. ಒಳಗಿಂದ ಸದ್ದಿಲ್ಲ. ಸೀದ ವಾಸನೆ ಬರುತ್ತಿತ್ತು.

"ಬಡೀಬೇಡಿ ತಾಯಿ, ನನಗೆ ಕೇಳಿಸಬೇಕು."

ಬೀಗದಣ್ಣ ಕಿವಿಯಿಟ್ಟರು. ಕಡ್ಡಿ ಒಮ್ಮೆ ಜಾರಿತು. ಎರಡನೆಯ ಸಲ ಹಿಡಿಯಿತು. ಬಾಗಿಲು ತೆರೆದಾಗ ಅಡುಗೆಮನೆ ಹೊಗೆಯಿಂದ ಮಂಕಾಗಿತ್ತು. ತಳ ಹಿಡಿದ ಪಾತ್ರೆ ಒಲೆಯ ಮೇಲೆ ಕರಕಲಾಗಿತ್ತು. ಮಗು ಮುಂದಿನ ಕೋಣೆಯ ಮಂಚದ ಕೆಳಗೆ, ಅಪ್ಪನ ಬೂಟಿನೊಳಗೆ ಕೈ ತೂರಿಸಿಕೊಂಡು ಕುಳಿತಿತ್ತು. ತಾಯಿ ಅದನ್ನು ಎಳೆದು ಅಪ್ಪಿಕೊಂಡು ಬೈದರು, ಅತ್ತರು, ಮತ್ತೆ ಬೈದರು. ಬೀಗದಣ್ಣ ಒಲೆ ಆರಿಸಿ, ಕಿಟಕಿ ತೆರೆದು, ಹೊರಗೆ ಬಂದರು. ಅವರು ಹೋದದ್ದನ್ನು ಯಾರೂ ಗಮನಿಸಲಿಲ್ಲ.

ಸೊಸೆ ಇನ್ನೂ ಗುರುಗುಡುತ್ತಿತ್ತು. ಡಾಕ್ಟರ ಮಗಳು ಎರಡೂ ಕೈ ಚಕ್ರದ ಮೇಲಿಟ್ಟು, ಮನೆಯ ಬಾಗಿಲನ್ನೇ ನೋಡುತ್ತ ಕುಳಿತಿದ್ದರು.

"ಅಪ್ಪ ರೋಗಿಗಳ ಮನೆಗೆ ಹೋದಾಗ ನಾನು ಹೀಗೇ ಕೂತಿರ್ತಿದ್ದೆ," ಎಂದರು. "ಆರಿಹೋದರೆ ಮತ್ತೆ ತಳ್ಳಬೇಕಲ್ಲ. ಮಗು ಹೇಗಿದೆ?"

"ಆರಾಮಾಗಿದೆ."

"ನನಗೆ ಈ ಕಾರು ಕೊಡಿ. ಇದೇ ನಮ್ಮಪ್ಪನ ಕಾರು."

ಬೀಗದಣ್ಣ ಕಿಟಕಿಗೆ ಬಗ್ಗಿದರು. "ಅಮ್ಮಾ, ಇದು ಬಣ್ಣದಂಗಡಿಯವರದ್ದು. ಬಣ್ಣ ಬೇರೆ, ಮಾದರಿ ಬೇರೆ. ಇದರಲ್ಲಿ ನಿಮ್ಮ ತಂದೆಯವರದ್ದು ಒಂದು ನಟ್ಟೂ ಇಲ್ಲ."

"ಅಪ್ಪನ ಕಾರನ್ನ ಚಿಕ್ಕಂದಿನಿಂದ ತಳ್ಳಿದವಳು ನಾನು. ನನಗೆ ಗೊತ್ತಾಗಲ್ವಾ?"

"ದೊಡ್ಡಕ್ಕನ ಹೊಟ್ಟೆಗೆ ವಾರವಿಡೀ ಕೂತು ನಿಮ್ಮದನ್ನೆಲ್ಲ ತುಂಬಿದ್ದೀನಿ!"

"ಅದನ್ನ ನೀವೇ ಇಟ್ಕೊಳ್ಳಿ. ಅದರಲ್ಲಿ ಕೂತರೆ ನನಗೆ ಅಪ್ಪ ಸಿಗಲಿಲ್ಲ."

ಶೆಡ್ಡಿಗೆ ಮರಳಿದ ಮೇಲೂ ಬೀಗದಣ್ಣ ಇದನ್ನೇ ಇನ್ನೆರಡು ಬಗೆಯಲ್ಲಿ ವಿವರಿಸಿದರು. ಇಲ್ಲದ್ದನ್ನು ಇದೆ ಎಂದು ಮಾರಿದಂತಾಗಬಾರದೆಂಬುದು ಅವರ ಕಳವಳ. ಮಾತಿನ ನಡುವೆ ತಟಕ್ಕನೆ ನಿಂತು, ಆಕ್ಸಿಲರೇಟರಿನ ಪೆಡಲನ್ನು ಒಮ್ಮೆ ಅರದಿಂದ ಉಜ್ಜಿ ಕೂರಿಸಿ ಬದಲಾಯಿಸಿದ್ದುಂಟು, ಅದು ಮಾತ್ರ ಡಾಕ್ಟರದ್ದಿರಬಹುದು ಎಂದರು. ಅದು ಸಂಗೀತದ ಮೇಷ್ಟ್ರ ಕಾರಿನದೆಂದು ಹೆಂಡತಿ ಖಡಾಖಂಡಿತವಾಗಿ ಹೇಳಿದರು. ಡಾಕ್ಟರ ಮಗಳು ಇಬ್ಬರನ್ನೂ ನೋಡಿ ನಕ್ಕರು. ಗಂಡಹೆಂಡಿರು ಸೇರಿ ಸೊಸೆಯನ್ನು ಇಳಿಜಾರಿಗೆ ತಳ್ಳಿಕೊಟ್ಟರು. ದಾರಿಯಲ್ಲಿ ಕೆಟ್ಟು ನಿಂತರೆ ಏನು ಮಾಡುತ್ತೀರಿ ಎಂದು ಹೆಂಡತಿ ಕೂಗಿ ಕೇಳಿದಾಗ, ತಳ್ಳುವವರು ಎಲ್ಲ ಊರಲ್ಲೂ ಇರುತ್ತಾರೆ ಎಂಬ ಉತ್ತರ ಹೊಗೆಯೊಳಗಿಂದ ಕೇಳಿಬಂತು.

ಈಗ ಶೆಡ್ಡಿನ ಒಂದು ಮೂಲೆ ತೆರವಾಗಿದೆ. ಮಾಲೀಕರ ಕಾಗದದ ಕಟ್ಟುಗಳು ಅಲ್ಲಿಗೆ ಬಂದು ಕುಳಿತಿವೆ. ಎಂಜಿನ್ನು ಚಿಕ್ಕವಳ ಹೊಟ್ಟೆಗೆ ಮರಳಿದೆ, ಸೀಟು ನಡುವಿನವಳಿಗೆ. ಸ್ಟೀರಿಂಗ್ ಚಕ್ರದ ತಕರಾರು ಮಾತ್ರ ಇತ್ಯರ್ಥವಾಗಿಲ್ಲ. ತಾವು ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೀಗದಣ್ಣನಿಗೆ ಇನ್ನೂ ಗೊತ್ತಿಲ್ಲ. ಕೇಳಿ ಬಂದ ಕಾರನ್ನು ಕೊಡಲಿಲ್ಲ; ಕೊಟ್ಟದ್ದನ್ನು ಆಕೆಯೇ ಆರಿಸಿಕೊಂಡರು. ಕೆಂಪು ಕಾರಿನ ಮೂತಿ ತೆರೆದು, ತಂತಿಯೊಂದನ್ನು ಹಲ್ಲಿನಿಂದ ಸುಲಿಯುತ್ತ, ಅವರು ಇದನ್ನೆಲ್ಲ ಹಿಂದುಮುಂದಾಗಿ ಹೇಳುತ್ತಾರೆ. ಏರಿನ ಮೇಲಿನ ಆ ಮನೆಯ ವಿಷಯಕ್ಕೆ ಬಂದಾಗ ಮಾತ್ರ ಕೈ ನಿಲ್ಲುತ್ತದೆ.

"ಆ ಬಾಗಿಲಿಗೆ ಒಂದು ಗೀರು ಬೀಳಲಿಲ್ಲ ನೋಡಿ, ಬೀಗವೂ ಕೆಡಲಿಲ್ಲ. ಅಷ್ಟು ನನಗೆ ಗೊತ್ತು," ಎನ್ನುತ್ತಾರೆ ಬೀಗದಣ್ಣ. "ಯಾರ ಕಾರಲ್ಲಿ ಹೋಗಿದ್ದೆ ಅಂತ ಮಾತ್ರ ನನ್ನ ಕೇಳಬೇಡಿ."