ಕಿಟಕಿಯಿಂದ ಬಸ್ಸು ಹತ್ತಿದ ಮಗಳು

ಬಸ್ಸು ಹೊರಟುಹೋಗಿತ್ತು. ಅದರೊಳಗೆ ನನ್ನ ಮಗಳಿದ್ದಳು. ನಾವು ದೊಡ್ಡವರೆಲ್ಲ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು.

ಇದು ನಡೆದದ್ದು ಹೋದ ವಾರ. ಇನ್ನೂ ಅದೇ ಗಡಿಬಿಡಿಯಲ್ಲೇ ಬರೆಯುತ್ತಿದ್ದೇನೆ. (ಅಕ್ಷರ ಸೊಟ್ಟಗಿದ್ದರೆ ಅಚ್ಚಿನ ಮೊಳೆ ಜೋಡಿಸುವವರು ಹೊಂದಿಸಿಕೊಳ್ಳಲಿ.)

ಈ ವಾರಕ್ಕೆ ನಾನು ಯೋಚಿಸಿಕೊಂಡಿದ್ದ ಲೇಖನವೇ ಬೇರೆ. ಪರೀಕ್ಷೆ ಮುಗಿದು ರಜೆ ಬಂತೆಂದರೆ ನಿಮ್ಮಲ್ಲಿ ಎಷ್ಟೋ ಜನ ಕೇಳುತ್ತೀರಿ: ಮಕ್ಕಳು ಮರಿ ಕಟ್ಟಿಕೊಂಡು ಟೂರ್ ಹೊರಟಿದ್ದೇವೆ, ಏನು ಕಟ್ಟಿಕೊಳ್ಳಬೇಕು, ಹೇಗೆ ಹೋಗಬೇಕು, ಸ್ವಲ್ಪ ಬರೀರಿ ಅಂತ. ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಬಿಸಿಲಿಗೆ ಮೊಸರನ್ನ ಹುಳಿಯಾಗದಂತೆ ಅನ್ನವನ್ನು ಹಾಲಿನಲ್ಲಿ ಕಲಸಿ, ಒಂದೇ ಚಮಚ ಮೊಸರು ಹಾಕಿ. ಕಾಯಿಚಟ್ನಿ ಬೇಡ, ಚಟ್ನಿಪುಡಿ ಸಾಕು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳ ಕೈಗೆ ಒಂದು ನಿಂಬೆಹಣ್ಣು ಕೊಡಿ. ಕೂಜದ ಮುಚ್ಚಳಕ್ಕೆ ದಾರ ಕಟ್ಟಿ, ಇಲ್ಲದಿದ್ದರೆ ಉರುಳಿ ಸೀಟಿನಡಿ ಸೇರುತ್ತದೆ.

ಇವೆಲ್ಲ ಮಾಡಿಕೊಂಡೇ ಹೊರಟಿದ್ದೆ. ಮೊಸರನ್ನ ಕೆಡಲಿಲ್ಲ. ಮುಚ್ಚಳ ಕಳೆಯಲಿಲ್ಲ. ಮಗಳು ಕಳೆದುಹೋದಳು!

ಮಾಲೂರಿನಿಂದ ತಿರುಪತಿಗೆ ಹೊರಟವರು ನಾನು, ನಮ್ಮ ಮನೆಯವರು, ನಮ್ಮತ್ತೆ ಮತ್ತು ಆರು ವರ್ಷದ ವಾಣಿ. ಮೊದಲು ಕೋಲಾರಕ್ಕೆ ಒಂದು ಬಸ್ಸು. ಅಲ್ಲಿ ಇಳಿದು, ಮುಳಬಾಗಿಲಿನ ಮೇಲೆ ಹೋಗುವ ತಿರುಪತಿ ಬಸ್ಸು ಹಿಡಿಯಬೇಕು. ನಮ್ಮ ಮನೆಯವರು ಸೊಸೈಟಿಯಲ್ಲಿ ಲೆಕ್ಕ ಬರೆಯುವವರು. ಎದುರು ಮನೆಯವರ ಹತ್ತಿರವೂ ಜೋರಾಗಿ ಮಾತಾಡದ ಸಾಧು. ಬಸ್‌ಸ್ಟ್ಯಾಂಡಿಗೆ ಕಾಲಿಟ್ಟರೆ ಮಾತ್ರ ಅವರಿಗೆ ಮೈಮೇಲೆ ಬಂದಂತಾಗುತ್ತದೆ. ಸೀಟು ಹಿಡಿಯುವುದರಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂಬ ಹೆಮ್ಮೆ ಬೇರೆ.

ಬೇಸಿಗೆ ರಜೆಯಲ್ಲಿ ನಮ್ಮ ಕಡೆ ಬಸ್ಸಿಗೆ ಬಾಗಿಲಿಂದ ಹತ್ತುವವರು ಯಾರು ಹೇಳಿ? ಮೊದಲೆಲ್ಲ ಕಿಟಕಿಯಿಂದ ಟವೆಲ್ ಎಸೆದರೆ ಸಾಕಿತ್ತು, ಸೀಟು ನಮ್ಮದು. ಈಗ ಟವೆಲಿಗೆ ಮರ್ಯಾದೆಯಿಲ್ಲ. ಯಾರಾದರೂ ಮಡಿಸಿ ಪಕ್ಕಕ್ಕಿಟ್ಟು ಆರಾಮಾಗಿ ಕೂರುತ್ತಾರೆ. ಅದಕ್ಕೇ ಜನ ಮಗುವನ್ನು ತೂರಿಸಲು ಕಲಿತದ್ದು. ಮಗುವನ್ನು ಮಡಿಸಿಡಲು ಬರುವುದಿಲ್ಲವಲ್ಲ! ನೀವೂ ಮಾಡಿದ್ದೀರಿ. ಸುಮ್ಮನೆ ತಲೆ ಅಲ್ಲಾಡಿಸಬೇಡಿ.

ಬಸ್ಸು ಒಳಗೆ ತಿರುಗಿತು. ಖಾಸಗಿಯವರದು, ಕಿಟಕಿಗೆ ಕಂಬಿಯಿಲ್ಲದ ಹಳೇ ಗಾಡಿ. ಪೂರ್ತಿ ನಿಂತೇ ಇರಲಿಲ್ಲ, ಜನ ಅದರ ಜೊತೆಯಲ್ಲೇ ಓಡತೊಡಗಿದರು.

"ಲೋ, ವಾಣೀನ ತೂರಿಸೋ! ಸಣ್ಣ ಮೈ, ಸಲೀಸಾಗಿ ಹೋಗ್ತಾಳೆ" ಎಂದು ಅತ್ತೆ ಕೂಗಿದರು.

ನಮ್ಮ ಮನೆಯವರು ಮಗಳನ್ನು ಎತ್ತಿಯೇಬಿಟ್ಟರು. ಮೊದಲು ತಲೆ, ಆಮೇಲೆ ಹಳದಿ ಫ್ರಾಕು, ಕೊನೆಗೆ ಎರಡು ಕಾಲು ಒಳಗೆ ಹೋದವು.

"ಮೂರು ಜನದ ಸೀಟಲ್ಲಿ ಉದ್ದಕ್ಕೆ ಮಲಕ್ಕೊಂಬಿಡು. ಯಾರು ಕೇಳಿದ್ರೂ ಏಳಬೇಡ. ಅಪ್ಪ ಹಿಂದುಗಡೆ ಇದಾರೆ ಅನ್ನು. ತಿಳೀತೇನೇ?"

"ಹ್ಞೂಂ ಅಪ್ಪ" ಅಂದಳು. ಇದು ಅವಳಿಗೆ ಹೊಸ ಪಾಠವೇನಲ್ಲ.

"ಇಲ್ಲಿ ತುಂಬಾ ಹೊತ್ತು ನಿಲ್ಲಿಸ್ತಾನೆ, ಗಾಬರಿ ಬೇಡ" ಎಂದು ಅವರು ಟ್ರಂಕು, ಹಾಸಿಗೆ ಸುರುಳಿ ತರಲು ನೆರಳಿನ ಕಡೆ ಹೋದರು. ಅತ್ತೆ ನಲ್ಲಿಯ ಹತ್ತಿರ ಕೂಜ ತುಂಬಿಸುತ್ತಿದ್ದರು. ನಾನು ಬುತ್ತಿಯ ಬುಟ್ಟಿ ಹಿಡಿದು ಬಾಗಿಲ ನೂಕುನುಗ್ಗಲಿನಾಚೆ ನಿಂತಿದ್ದೆ. ಆಗ ಗೇಟಿನಲ್ಲಿ ಇನ್ನೊಂದು ಹಾರನ್ ಕೇಳಿಸಿತು. ಅದೇ ದಾರಿಗೆ ಹೋಗುವ ಇನ್ನೊಬ್ಬ ಮಾಲೀಕರ ಬಸ್ಸು. ಖಾಸಗಿ ಬಸ್ಸುಗಳ ಪೈಪೋಟಿ ನಿಮಗೆ ಗೊತ್ತೇ ಇದೆ. ಹಿಂದಿನದು ಕಂಡರೆ ಮುಂದಿನದು ನಿಲ್ಲುವುದಿಲ್ಲ, ದಾರಿಯಲ್ಲಿ ಕಾಯುವ ಗಿರಾಕಿಗಳೆಲ್ಲ ಅದರ ಪಾಲಾಗಬಾರದಲ್ಲ. ವಾಣಿಯಿದ್ದ ಬಸ್ಸಿನ ಕಂಡಕ್ಟರ್ ತಗಡನ್ನು ದಬದಬ ಬಡಿದ. "ರೈಟ್, ರೈಟ್!"

ನಾನು ಕಿರುಚಿದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರು ಕಿರುಚುವುದಿಲ್ಲ? ಕಳ್ಳೇಕಾಯಿ ಮಾರುವವನು ಕಿರುಚುತ್ತಿದ್ದ, ಕೂಲಿಯವನು ಕಿರುಚುತ್ತಿದ್ದ. ಬುಟ್ಟಿ ಬಿಸಾಕಿ ಓಡಿದೆ. ನಮ್ಮ ಮನೆಯವರು ಟ್ರಂಕು ಎತ್ತಿಹಾಕಿ ನನ್ನನ್ನು ದಾಟಿ ಓಡಿದರು. ಬಾಗಿಲಲ್ಲಿ ಜೋತುಬಿದ್ದವರು ಸೀಟು ಸಿಗದ ಇನ್ನಿಬ್ಬರು ಎಂದುಕೊಂಡು ನಗುತ್ತಿದ್ದರು. ಬಸ್ಸು ಮೂಲೆಯಲ್ಲಿ ತಿರುಗಿತು.

ನನಗೆ ಮೊದಲು ಬಂದದ್ದು ಅಳುವಲ್ಲ. ಗಂಡನ ಅಂಗಿ ಹಿಡಿದು ಅಲ್ಲೇ ಬಾರಿಸಬೇಕು ಅನ್ನಿಸಿತು. ನಿಜ ಹೇಳುತ್ತಿದ್ದೇನೆ, ಬೇಕಾದರೆ ನಕ್ಕುಬಿಡಿ.

ಕಂಟ್ರೋಲರ್ ಕೋಣೆಗೆ ನುಗ್ಗಿದೆವು. "ಮಗೂನ ಒಬ್ಬಳನ್ನೇ ಹತ್ತಿಸಿ ನೀವು ಕೆಳಗೇನ್ ಮಾಡ್ತಿದ್ರಿ?" ಎಂದರು ಅವರು. ಮುಳಬಾಗಿಲಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. "ಲೈನ್ ಸಿಕ್ಕಿದ್ರೆ ಸಿಕ್ತು. ನೀವು ಕೂತ್ಕೋಬೇಡಿ, ಹಿಂದೇನೇ ಹೋಗಿ. ನಂಗಲಿ ದಾಟಿಬಿಟ್ರೆ ಆಂಧ್ರ, ಆಮೇಲೆ ನನ್ನ ಕೈಲೇನೂ ಇಲ್ಲ."

ಹಿಂದೆ ಬಂದಿದ್ದ ಬಸ್ಸು? ಅದೂ ಆಗಲೇ ಹೋಗಿತ್ತು. ಟ್ಯಾಕ್ಸಿಗಳೆಲ್ಲ ಯಾವುದೋ ಮದುವೆಗೆ ಹೋಗಿದ್ದವು.

ಅತ್ತೆ ಟ್ರಂಕಿನ ಮೇಲೆ ಕುಸಿದು ಕೂತಿದ್ದರು. "ನೀವು ಹೋಗ್ರಪ್ಪ, ನನ್ನ ಯೋಚನೆ ಬೇಡ. ಅವಳು ಬರೋತನಕ ನಾನು ಇಲ್ಲಿಂದ ಏಳಲ್ಲ" ಎಂದರು. ಆ ಕ್ಷಣದಲ್ಲಿ ಅವರ ಮೇಲೆ ನನಗಿದ್ದ ಸಿಟ್ಟು ಇಳಿಯಲಿಲ್ಲ, ಆದರೂ ಕೈ ಹಿಡಿದು ಅದುಮಿ ಬಂದೆ.

ಹೆದ್ದಾರಿಯಲ್ಲಿ ಒಂದು ಟೊಮೆಟೊ ಲಾರಿ ಸಿಕ್ಕಿತು. ಮಂಡಿಯಿಂದ ಮದರಾಸಿಗೆ ಹೊರಟದ್ದು. ಡ್ರೈವರ್ ಮುಳಬಾಗಿಲಿನ ಆಚೆಯವನು, ಅರ್ಧ ಕನ್ನಡ ಅರ್ಧ ತೆಲುಗು. ವಿಷಯ ಕೇಳಿದವನೇ ಕ್ಯಾಬಿನ್ ಬಾಗಿಲು ತೆಗೆದ. "ಏಡವಕಮ್ಮಾ, ಪಟ್ಟುಕುಂದಾಂ" ಎಂದ. ಅಳಬೇಡಿ, ಹಿಡಿಯೋಣ ಅಂತ. ಆದರೆ ತುಂಬಿದ ಲಾರಿ ಎಷ್ಟು ಓಡೀತು? ಒಂದೊಂದು ಏರಿನಲ್ಲೂ ಅದು ಏದುಸಿರು ಬಿಡುವಾಗ ಇಳಿದು ನಾನೇ ಓಡಿಬಿಡಲೇ ಅನ್ನಿಸುತ್ತಿತ್ತು.

ಎದುರಿಗೆ ಬಂದವರನ್ನೆಲ್ಲ ಡ್ರೈವರ್ ಕೈ ಹೊರಗೆ ಹಾಕಿ ಕೇಳುತ್ತಿದ್ದ. "ತಿರುಪತಿ ಗಾಡಿ ಹೋಯ್ತಾ?"

"ಈಗ್ತಾನೇ ಹೋಯ್ತು!"

ಎಲ್ಲರದೂ ಅದೇ ಉತ್ತರ. ಈಗ್ತಾನೇ ಅಂದರೆ ಎಷ್ಟು? ಯಾರಿಗೆ ಗೊತ್ತು?

ನನ್ನ ತಲೆಯಲ್ಲಿ ಏನೇನೋ ಓಡುತ್ತಿತ್ತು. ನಮ್ಮನ್ನು ಹುಡುಕಿಕೊಂಡು ಅವಳು ಎಲ್ಲೋ ಒಂದು ಸ್ಟಾಪಿನಲ್ಲಿ ಇಳಿದುಬಿಟ್ಟರೆ? ಯಾರಾದರೂ ಬಾ ಕಂದ ಎಂದು ಕರೆದರೆ? ಅಕಸ್ಮಾತ್ ಒಳ್ಳೆಯವರೇ ಸಿಕ್ಕಿ ನಿಮ್ಮಪ್ಪನ ಹೆಸರೇನು ಎಂದು ಕೇಳಿದರೆ?

ಅಲ್ಲಿಗೆ ಬಂದು ಯೋಚನೆ ನಿಂತುಹೋಯಿತು. ನಮ್ಮ ಮನೆಯಲ್ಲಿ ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಬೆಳೆದವಳು ನಾನು, ರೀ ಅನ್ನುತ್ತೇನೆ. ಅತ್ತೆ ಲೋ ಅನ್ನುತ್ತಾರೆ. ಸ್ಕೂಲಿಗೆ ಸೇರಿಸುವ ದಿನ ಟೀಚರ್ ಕೇಳಿದಾಗ ವಾಣಿ, ನಮ್ಮಪ್ಪನ ಹೆಸರು 'ರೀ' ಎಂದಿದ್ದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ನಕ್ಕೆವೇ ಹೊರತು ಸರಿಯಾದ ಹೆಸರು ಹೇಳಿಕೊಟ್ಟವರು ಯಾರು?

"ರೀ, ಅವಳಿಗೆ ನಿಮ್ಮ ಹೆಸರು ಗೊತ್ತೇನ್ರೀ?" ಎಂದು ಕೇಳಿದೆ.

ಅವರು ರಸ್ತೆ ನೋಡುತ್ತಲೇ ಇದ್ದರು. "ಇಲ್ಲ ಕಣೇ" ಎಂದರು. ಬಾರಿಸಬೇಕೆಂದಿದ್ದ ಕೈಯಲ್ಲೇ ಅವರ ಮೊಣಕೈ ಹಿಡಿದುಕೊಂಡೆ.

ಮುಳಬಾಗಿಲಿನ ಬಂಡೆಬೆಟ್ಟ ಕಂಡಿತು. ಬಸ್‌ಸ್ಟ್ಯಾಂಡ್ ಬಂತು. ಬಸ್ಸು ನಿಂತಿತ್ತು! ಎಂಜಿನ್ ಆಫ್ ಆಗಿರಲಿಲ್ಲ, ಗುರುಗುಟ್ಟುತ್ತಲೇ ಇತ್ತು. ಟ್ರಂಕ್ ಕಾಲ್ ಇನ್ನೂ ತಲುಪಿರಲಿಲ್ಲವಂತೆ, ದಾರಿಯುದ್ದಕ್ಕೂ ನಿಂತು ಗಿರಾಕಿ ಹತ್ತಿಸಿಕೊಂಡು ಬಂದದ್ದರಿಂದ ನಮಗೆ ಸಿಕ್ಕಿತು, ಅಷ್ಟೇ. ನಮ್ಮ ಮನೆಯವರು ಓಡಿ ಹೋಗಿ ಗಾಡಿಯ ಮುಂದೆಯೇ ನಿಂತುಬಿಟ್ಟರು. ನಾನು ಹಿಂದಿನ ಬಾಗಿಲಿಂದ ನುಗ್ಗಿದೆ.

ಒಳಗೆ ಸೂಜಿ ಹಾಕಿದರೂ ಕೆಳಗೆ ಬೀಳದಷ್ಟು ಜನ. "ವಾಣೀ!" ಎಂದು ಕೂಗಿದೆ. ಉತ್ತರವಿಲ್ಲ. "ಎಲ್ಲಿಗಮ್ಮಾ ನುಗ್ತೀರಾ, ಸೀಟಿಲ್ಲ" ಎಂದು ಒಬ್ಬರು ತಡೆದರು. ಅವರ ಕಂಕುಳಡಿಯಲ್ಲೇ ತೂರಿದೆ. ಮತ್ತೆ ಕೂಗಿದೆ. ಮತ್ತೂ ಉತ್ತರವಿಲ್ಲ.

ಆಮೇಲೆ ಹಳದಿ ಫ್ರಾಕು ಕಂಡಿತು.

ಮೂರು ಜನದ ಸೀಟಿನಲ್ಲಿ ಉದ್ದಕ್ಕೆ ಮಲಗಿದ್ದಳು. ಒಂದು ಕೈಯಲ್ಲಿ ಕಿಟಕಿಯ ಅಂಚು, ಇನ್ನೊಂದರಲ್ಲಿ ಮುಂದಿನ ಸೀಟಿನ ಕಂಬಿ. ಎರಡೂ ಬಿಗಿಹಿಡಿದು ಬೆರಳು ಬಿಳಿಚಿದ್ದವು. ಸುತ್ತ ದೊಡ್ಡವರು ಬೆವರು ಸುರಿಸುತ್ತಾ ನಿಂತು ಬೈಯುತ್ತಿದ್ದರು.

"ಎಂಥಾ ಮಗೂರೀ ಇದು! ಒಂದ್ ಚೂರು ಸರ್ಕೊಳಮ್ಮಾ ಅಂದ್ರೆ ಕೋಲಾರದಿಂದ ಕಾಲಲ್ಲಿ ಒದೀತದೆ" ಎಂದರು ಪೇಟದ ಮುದುಕರೊಬ್ಬರು.

"ಅಪ್ಪ ಹಿಂದುಗಡೆ ಇದಾರೆ ಅಂತು. ಹಿಂದೆ ಯಾರ್ದೋ ಇರ್ಬೇಕು, ಟಿಕೆಟ್ ಆಮೇಲೆ ಕೇಳೋಣ ಅಂತ ಬಿಟ್ಟೆ" ಎಂದ ಕಂಡಕ್ಟರ್. "ದಿನಾ ಇಂಥವು ಎಷ್ಟ್ ನೋಡಲ್ಲ ನಾವು!"

ಅಷ್ಟು ಜನರ ನಡುವೆ ಒಂಟಿಯಾಗಿದ್ದಾಳೆಂದು ಯಾರಿಗೂ ಗೊತ್ತಾಗಿರಲಿಲ್ಲ. ಹೇಗೆ ಗೊತ್ತಾದೀತು? ಅವಳು ಅತ್ತಿರಲಿಲ್ಲ. ಯಾರನ್ನೂ ಏನೂ ಕೇಳಿರಲಿಲ್ಲ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆ ಮಾಡಿದ್ದಳು. ನಾನು ಬಗ್ಗಿ ಮುಟ್ಟಿದೆ. ಫ್ರಾಕಿನ ಕೆಳಗೆಲ್ಲ ಒದ್ದೆಯಾಗಿತ್ತು. ಅದಕ್ಕೂ ಎದ್ದಿರಲಿಲ್ಲ.

ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದಳು. "ಅಮ್ಮಾ, ಈಗ ಎದ್ದೇಳ್ಲಾ?"

ಎತ್ತಿಕೊಂಡೆ. ಅಷ್ಟರಲ್ಲಿ ಒಳಗೆ ಬಂದ ಅವರು, ಮಗಳ ಒದ್ದೆ ಫ್ರಾಕಿಗೆ ಮುಖವಿಟ್ಟು, ಅಷ್ಟು ಜನರ ಮುಂದೆ ಗಟ್ಟಿಯಾಗಿ ಅತ್ತರು. ಆಗ ಅವಳೂ ಶುರುಮಾಡಿದಳು.

ತಿರುಪತಿಗೆ ನಾವು ಹೋಗಲಿಲ್ಲ. ಕೋಲಾರಕ್ಕೆ ವಾಪಸ್ ಬಂದರೆ ಅತ್ತೆ ಹೇಳಿದಂತೆಯೇ ಟ್ರಂಕಿನ ಮೇಲೆ ಇದ್ದರು. ಮೊಮ್ಮಗಳನ್ನು ತಬ್ಬಿಕೊಂಡವರು ಮನೆ ಮುಟ್ಟುವವರೆಗೂ ಬಿಡಲಿಲ್ಲ. ವೆಂಕಟರಮಣ ಎಲ್ಲೂ ಓಡಿಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತಾನೆ.

ನೀವು ಹೊರಟಿದ್ದೀರಲ್ಲ, ಇಷ್ಟು ಮಾಡಿ. ಮೊದಲು ದೊಡ್ಡವರೊಬ್ಬರು ಹತ್ತಿ. ಮಗುವನ್ನು ಬಾಗಿಲಿಂದಲೇ ಅವರ ಕೈಗೆ ಕೊಡಿ. ಟ್ರಂಕು ಆಮೇಲೆ, ಬಿಟ್ಟುಹೋದರೆ ಟ್ರಂಕು ತಾನೇ? ಮಗುವಿಗೆ ಅಪ್ಪನ ಹೆಸರು, ಊರ ಹೆಸರು ಬಾಯಿಪಾಠ ಮಾಡಿಸಿ. (ನಾನು ಮಾಡಿಸಿದೆ. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದಂತೆ. ಅವರು ಗಟ್ಟಿಮುಟ್ಟಾಗಿಯೇ ಇದ್ದಾರೆ.) ಭಯವಾದರೆ ಕಿರುಚು, ಎಷ್ಟು ಜೋರಾಗಿ ಬೇಕಾದರೂ ಕಿರುಚು, ಯಾರೂ ಬೈಯುವುದಿಲ್ಲ ಎಂದು ಹೇಳಿಕೊಡಿ. ಸೀಟು ಸಿಗದಿದ್ದರೆ ನಿಂತುಕೊಳ್ಳಿ. ಕಾಲು ನೋಯುತ್ತದೆ, ಅಷ್ಟೇ.

ಆದರೆ ಮುಳಬಾಗಿಲಿನ ಆ ಬಸ್ಸಿನಿಂದ ಇಳಿಯುವ ಮೊದಲು ಇನ್ನೊಂದು ನಡೆಯಿತು. ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ವಾಣಿಯನ್ನು ನಮ್ಮ ಮನೆಯವರ ಹೆಗಲಿಗೆ ದಾಟಿಸಿ ತಿರುಗುತ್ತಿದ್ದೆ. "ಅಲ್ನೋಡು, ಸೀಟು ಖಾಲಿ!" ಎಂದು ಕಿಟಕಿಯಾಚೆ ಯಾರೋ ಕೂಗಿದರು. ನೋಡನೋಡುತ್ತಿದ್ದಂತೆ ಅದೇ ಕಿಟಕಿಯಿಂದ ಒಂದು ತಲೆ ಬಂತು. ಎರಡು ಜಡೆ, ರಿಬ್ಬನ್ನು, ನಮ್ಮವಳಿಗಿಂತ ಚಿಕ್ಕದು. ಅರ್ಧ ಒಳಗೆ, ಅರ್ಧ ಹೊರಗೆ.

ನನಗೆ ಅದೆಲ್ಲಿತ್ತೋ ಶಕ್ತಿ. ಆ ಮಗುವಿನ ಎರಡು ಭುಜ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ, ಅದರಪ್ಪನ ಕೈಗೇ ದಾಟಿಸಿದೆ.

ಆತ ನನ್ನನ್ನು ದುರುದುರು ನೋಡಿ ಕೂಗಿದ: "ಏನಮ್ಮಾ, ನಿಮಗೇನು ಮಕ್ಕಳಿಲ್ವಾ?"