ಕಣ್ಣು ಪ್ರತಿಯ ಮೇಲೆ

ಸರ್ವಮಂಗಳಮ್ಮನವರ ಇಡೀ ವಿದ್ಯೆ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು: ಕೀಲಿ ನೋಡಬಾರದು, ಮಶೀನಿನ ಕಾಗದ ನೋಡಬಾರದು, ಕಣ್ಣು ಪಕ್ಕದಲ್ಲಿಟ್ಟ ಪ್ರತಿಯ ಮೇಲಿರಬೇಕು. ಹರಿಹರದ ಕೋರ್ಟಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಅವರು ಟೈಪಿಂಗ್ ಕಲಿಸುತ್ತಿದ್ದರು. ಅಲ್ಲಿ ಕಲಿತ ಹುಡುಗಿಯರು ಮದುವೆಯಾಗಿ ಹೋದರು, ಅವರ ಹೆಣ್ಣುಮಕ್ಕಳೂ ಬಂದು ಅದೇ ವಾಕ್ಯವನ್ನು ಕೇಳಿ ಹೋದರು. ಬೆರಳು ಕಾಣದಂತೆ ಕೀಲಿಗಳ ಮೇಲೆ ಕರಿಯ ಬಟ್ಟೆಯ ಮುಸುಕು ಹಾಕುವುದು ಅಲ್ಲಿನ ಪದ್ಧತಿ. ಮುಸುಕಿನೊಳಗೆ ಇಣುಕಿದವರ ಗೆಣ್ಣಿನ ಮೇಲೆ ಸ್ಟೀಲ್ ಪಟ್ಟಿ ಬೀಳುತ್ತಿತ್ತು. ನೋಡದೆ ಹೊಡೆಯುವುದೇ ಟೈಪಿಂಗ್, ನೋಡಿ ಹೊಡೆಯುವುದು ಕೋಳಿ ಕಾಳು ಹೆಕ್ಕಿದ ಹಾಗೆ ಎಂದು ಅವರು ಹೇಳುತ್ತಿದ್ದರು.

ಬಿ.ಎ. ಮುಗಿಸಿ ಬ್ಯಾಂಕಿನ ಪರೀಕ್ಷೆ ಬರೆದು ನಪಾಸಾದವರು ಅವರು. ಅದನ್ನು ಯಾರಿಗೂ ಮುಚ್ಚಿಟ್ಟಿಲ್ಲ. ಟೈಪಿಂಗ್ ಶಾಲೆ ಆ ನಪಾಸಿನ ಫಲ. ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಮನೆ ನಡೆದದ್ದೂ ಅದರಿಂದಲೇ. ಆಮೇಲೆ ಟೈಪ್‌ರೈಟರುಗಳ ಕಾಲವೂ ಮುಗಿಯಿತು. ಗಂಡ ಅಡುಗೆ ಕಲಿತರು, ಹೆಂಡತಿ ಕಂಪ್ಯೂಟರ್ ಕಲಿತರು. ಇಬ್ಬರಲ್ಲಿ ಗಂಡನ ಕಲಿಕೆಯೇ ಹೆಚ್ಚು ಪೂರ್ಣವಾಗಿತ್ತೆಂದು ಸರ್ವಮಂಗಳಮ್ಮ ಈಗ ಒಪ್ಪುತ್ತಾರೆ. ಅವರ ಮಟ್ಟಿಗೆ ಕಂಪ್ಯೂಟರ್ ಎಂದರೆ ರಿಬ್ಬನ್ ಬೇಡದ ಟೈಪ್‌ರೈಟರ್. ಎದುರಿನ ಪರದೆ ವಕೀಲರು ನೋಡಲೆಂದು ಇರುವ ಅನುಕೂಲ. ಆದ್ದರಿಂದ ಅದನ್ನು ಅವರು ಗಿರಾಕಿಯ ಕುರ್ಚಿಯ ಕಡೆಗೆ ತಿರುಗಿಸಿಯೇ ಇಟ್ಟಿದ್ದರು.

ಕಲಿಯುವವರು ಬರುವುದು ನಿಂತು ಹೋಗಿತ್ತು. ಉಳಿದದ್ದು ವಕೀಲರ ಕೆಲಸ: ದಾವೆ, ತಕರಾರು, ಪ್ರಮಾಣಪತ್ರ. ಒಬ್ಬೊಬ್ಬರಾಗಿ ವಕೀಲರೂ ಸ್ವಂತ ಕಂಪ್ಯೂಟರ್, ಸ್ವಂತ ಟೈಪಿಸ್ಟ್ ಇಟ್ಟುಕೊಂಡರು. ಕೊನೆಗೆ ಉಳಿದವರು ವಾಮದೇವಪ್ಪ ಒಬ್ಬರೇ. ಅವರ ಕೈಬರಹವನ್ನು ಓದಬಲ್ಲ ಇನ್ನೊಬ್ಬ ಟೈಪಿಸ್ಟ್ ಸಿಕ್ಕಿರಲಿಲ್ಲ, ಅಷ್ಟೆ. ಆ ವಾಮದೇವಪ್ಪ ಒಂದು ಸೋಮವಾರ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, ಪೆನ್ ಡ್ರೈವನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

"ಸರ್ವಮಂಗಳಮ್ನೋರೆ, ನೀವು ಕೊಟ್ಟ ಇದನ್ನ ಹಾಕಿದೆ ನೋಡ್ರಿ, ವೈರಸ್ ಐತೆ ಅಂತ ನನ್ನ ಕಂಪ್ಯೂಟರ್ ಪೂರ್ತಿ ಕೆಂಪಗಾತು."

"ನಿಮ್ಮದಕ್ಕೇ ಏನೋ ಆಗಿರಬೇಕು ವಕೀಲ್ರೆ. ನನ್ನದು ತಂದಾಗಿನಿಂದ ಚಕಾರ ಎತ್ತಿಲ್ಲ."

"ನಿಮ್ಮದು ಯಾವ ವಿಂಡೋಸು?"

"ಸೆವೆನ್."

"ಅದನ್ನ ಮಾಡಿದೋರೇ ಕೈ ಬಿಟ್ಟು ಯಾವ ಕಾಲ ಆತು. ಹಳೇದು, ಬದಲಾಯಿಸು, ಅಪಾಯ ಐತೆ ಅಂತ ಅದೇ ಹೇಳ್ತೈತಂತಲ್ಲ?"

"ನನಗೊಂದು ದಿನಾನೂ ಹೇಳಿಲ್ಲ. ಹೇಳಿದ್ರೆ ನನಗೆ ಕಾಣ್ತಿರಲಿಲ್ವೇನು?"

ಈ ಕೊನೆಯ ಮಾತನ್ನು ಅವರು ಬಹಳ ಗತ್ತಿನಿಂದ ಹೇಳಿದರು. ಆ ಗತ್ತು ನೆನಪಾದರೆ ಈಗಲೂ ಒಬ್ಬರೇ ಇದ್ದಾಗ ಅವರ ಕಿವಿ ಬಿಸಿಯಾಗುತ್ತದೆ.

ವಾಮದೇವಪ್ಪ ವಾದ ಬೆಳೆಸಲಿಲ್ಲ. ಬಳೆ ಅಂಗಡಿಯ ಫಕ್ರುನ್ನೀಸಾ ಅವರ ಮೇಲೆ ಕಟ್ಟಡದ ಮಾಲೀಕರು ಅಂಗಡಿ ಖಾಲಿ ಮಾಡಿಸಲು ದಾವೆ ಹಾಕಿದ್ದರು. ಅದಕ್ಕೆ ತಕರಾರು ಸಲ್ಲಿಸಲು ಶುಕ್ರವಾರ ಕೊನೆಯ ದಿನ. "ಅಷ್ಟರೊಳಗೆ ಮಶೀನ್ ರಿಪೇರಿ ಆದ್ರೆ ನೀವೇ ಮಾಡ್ರಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬ್ಯಾಡ್ರಿ, ನಾನು ಹೆಂಗಾರ ಮಾಡಿ ದಾವಣಗೆರೆಯಾಗ ಮಾಡಿಸ್ತೀನಿ. ಮುಂದಿನವನ್ನೂ ಅಲ್ಲೇ ಕೊಡಬೇಕಾಗ್ತೈತೆ," ಎಂದು ಇಳಿದು ಹೋದರು.

ಮುಂದಿನವು ಎಂದರೆ ಎಲ್ಲವೂ. ಸರ್ವಮಂಗಳಮ್ಮನವರಿಗೆ ಅರವತ್ತಮೂರು ವರ್ಷ. ಮನೆಯಲ್ಲಿ ಕೂತರೆ ಗಂಡನ ಅಡುಗೆಯಲ್ಲಿ ತಪ್ಪು ಹುಡುಕುವುದೊಂದೇ ಉದ್ಯೋಗವಾಗುತ್ತಿತ್ತು. ಆ ಅಡುಗೆಯಲ್ಲಿ ತಪ್ಪು ಸಿಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಡಬ್ಬವನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ದಾವಣಗೆರೆ ಬಸ್ಸಿನಲ್ಲಿ ಕೂತರು. ಕಂಡಕ್ಟರ್ ಅವರ ಕೈಗೆ ಹೆಂಗಸರ ಉಚಿತ ಟಿಕೆಟ್ ಕೊಟ್ಟು ಸೀರೆಯ ಗಂಟನ್ನು ದಿಟ್ಟಿಸಿದ.

"ನಿಮಗೆ ಫ್ರೀ ಅಮ್ಮಾರೆ. ಇದು ಹೆಣ್ಣೋ ಗಂಡೋ?"

"ಮುದುಕಿ. ನನಗಿಂತ ಕಿವುಡಿ."

"ಹಂಗಾದ್ರೆ ಸೀಟ್ ಬಿಟ್ಟುಕೊಡಬೇಕಾಗ್ತೈತೆ," ಎಂದು ಆತ ಮುಂದೆ ಹೋದ.

ದಾವಣಗೆರೆಯ ವಿನೋಬನಗರದಲ್ಲಿ ಅಂಜನಕುಮಾರನ ರಿಪೇರಿ ಅಂಗಡಿ. ಆತ ಇವರ ಹಳೆಯ ವಿದ್ಯಾರ್ಥಿ. ಜೂನಿಯರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಟೈಪಿಂಗ್ ಬಿಟ್ಟವನು, ಈಗ ನಡುವಯಸ್ಸಿನ ಗೃಹಸ್ಥ. ಟೀಚರನ್ನು ಕಂಡೊಡನೆ ಎದ್ದು ನಿಂತು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಭ್ಯಾಸ.

ಡಬ್ಬವನ್ನು ತನ್ನ ಪರದೆಗೆ ಜೋಡಿಸಿ, "ಯಾವಾಗ್ಲೂ ಹೆಂಗೆ ಹೊಡೀತೀರೋ ಹಂಗೇ ಹೊಡೀರಿ ಮೇಡಂ, ನೋಡೋಣ," ಎಂದ. ಸರ್ವಮಂಗಳಮ್ಮ ಅಂಗಡಿಯಲ್ಲಿದ್ದ ದಿನಪತ್ರಿಕೆಯನ್ನು ಎಡಕ್ಕೆ ಹರಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೆಕ್ಕೆಜೋಳದ ಮಾರುಕಟ್ಟೆಯ ಸುದ್ದಿಯನ್ನು ಹೊಡೆಯತೊಡಗಿದರು. ಬೆರಳುಗಳು ಇನ್ನೂ ಮಳೆ ಸುರಿದ ಹಾಗೆ ಓಡುತ್ತಿದ್ದವು. ಹಳೆಯ ಶಿಷ್ಯ ಬಾಯಿ ಬಿಟ್ಟು ನೋಡುತ್ತಿದ್ದಾನೆಂದು ಅವರಿಗೆ ಒಳಗೊಳಗೇ ಖುಷಿಯಾಯಿತು. ಆತ ಬಾಯಿ ಬಿಟ್ಟದ್ದು ನಿಜ.

"ಮೇಡಂ, ಈಗೊಂದು ಬಂತು."

"ಏನು ಬಂತು?"

"ಇದು ಹಳೇ ವಿಂಡೋಸು, ಇನ್ನು ರಕ್ಷಣೆ ಇಲ್ಲ ಅಂತ ಬರೆದಿತ್ತು."

ಸರ್ವಮಂಗಳಮ್ಮ ಪರದೆಯತ್ತ ತಿರುಗಿದರು. ಅಲ್ಲಿ ಮೆಕ್ಕೆಜೋಳ ಬಿಟ್ಟರೆ ಬೇರೇನೂ ಇರಲಿಲ್ಲ. "ಎಲ್ಲೈತೋ?"

"ಹೋತು. ಪ್ಯಾರಾ ಮುಗೀತು ಅಂತ ನೀವು ಎಂಟರ್ ಹೊಡೆದ್ರಲ್ಲ, ಅದು ತನಗೇ ಸರಿ ಅಂದ್ರು ಅನ್ಕೊಂತು."

ಅವರು ನಂಬಲಿಲ್ಲ. ಮತ್ತೆ ಪತ್ರಿಕೆಯ ಕಡೆ ತಿರುಗಿ ಹೊಡೆದರು. ಮುಂದಿನ ಪ್ಯಾರಾದ ಕೊನೆಗೆ ಅಂಜನಕುಮಾರ ಮೆಲ್ಲಗೆ ಕೆಮ್ಮಿದ.

"ಇನ್ನೊಂದು ಬಂದಿತ್ತು. ಯಾವುದೋ ಕ್ಲೀನರ್ ಸಾಫ್ಟ್‌ವೇರಂತೆ, ಒಳಗೆ ಬರ್ಲಾ ಅಂತ ಕೇಳ್ತು. ಬಾ ಅಂದ್ರಿ."

"ನಾನೆಲ್ಲಿ ಅಂದೆನಪ್ಪ?"

"ಈಗ್ತಾನೆ ಅಂದ್ರಿ. ಬಂದು ಕೂತೈತೆ ನೋಡ್ರಿ, ಮೂಲ್ಯಾಗೆ."

ಪರದೆಯ ಮೂಲೆಯಲ್ಲಿ ಅದು ಕೂತಿತ್ತು. ಅದರ ಪಕ್ಕದಲ್ಲಿ ಇನ್ನೂ ಎಷ್ಟೋ ಕೂತಿದ್ದವು. ಯಾವುದನ್ನೂ ಅವರು ಹಿಂದೆ ಕಂಡಿರಲಿಲ್ಲ. ಮನೆ ಬಾಗಿಲಿಗೆ ಬರುವ ಮಾರಾಟಗಾರರನ್ನು ಮೆಟ್ಟಿಲಲ್ಲೇ ಗದರಿಸಿ ಕಳಿಸುವ ಹೆಂಗಸು ಇಲ್ಲಿ ಪ್ಯಾರಾ ಮುಗಿದಾಗಲೆಲ್ಲ ಬಾಗಿಲು ತೆರೆದು, ಬಂದವರಿಗೆಲ್ಲ ಮಣೆ ಹಾಕಿದ್ದಳು. ಎಚ್ಚರಿಕೆಗಳು ವರ್ಷಗಟ್ಟಲೆ ಬಂದಿದ್ದವು. ಪ್ರತಿಯೊಂದಕ್ಕೂ ಸರಿ, ಆಯಿತು, ಗೊತ್ತು ಎಂದು ಅವರ ಬೆರಳೇ ಉತ್ತರಿಸಿ ಕಳಿಸಿತ್ತು. ಅಷ್ಟು ಚೆನ್ನಾಗಿ ಬೆರಳಿಗೆ ಪಾಠ ಹೇಳಿಕೊಟ್ಟವರು ಅವರೇ. ಗಿರಾಕಿಯ ಕುರ್ಚಿಯಲ್ಲಿ ಕೂತ ವಕೀಲರಿಗೆ ಅವು ಕಂಡಿರಬೇಕು. ಟೀಚರಿಗೆ ಗೊತ್ತಿರದೆ ಇರುತ್ತದೆಯೆ ಎಂದು ಅವರೂ ಸುಮ್ಮನಿದ್ದಿರಬೇಕು. ಇಷ್ಟು ಕಾಲ ತಾನು ಗಳಿಸಿದ ಗೌರವದ ಉಪಯೋಗ ಇದು ಎಂದು ಸರ್ವಮಂಗಳಮ್ಮನವರಿಗೆ ನಗು ಬಂತು. ನಗು ಬಂದದ್ದು ಹೊರಗೆ ಕಾಣದಂತೆ ಕನ್ನಡಕ ಒರೆಸಿಕೊಂಡರು.

"ನೀನು ಕೀಲಿ ನೋಡ್ಕೊಂಡು ಹೊಡೀತಿದ್ದೆ. ಎಷ್ಟು ಏಟು ತಿಂದೆ," ಎಂದರು.

"ಈಗ್ಲೂ ನೋಡ್ಕೊಂಡೇ ಹೊಡೆಯೋದು ಮೇಡಂ."

"ನಿನ್ನ ಮಶೀನಿಗೆ ಹಿಂಗೆಲ್ಲ ಬರಲ್ಲೇನು?"

"ಯಾಕ ಬರಲ್ಲ? ಬರ್ತಾವೆ. ನಾನೂ ಸ್ಕ್ರೀನ್ ನೋಡಲ್ಲ, ಕೀಲಿ ನೋಡ್ತಿರ್ತೀನಲ್ಲ."

ಅಂಜನಕುಮಾರ ಟೀಚರ ಕಡತಗಳ ವೈರಸ್ ತೊಳೆದು, ಅವನ್ನು ಬೇರೆ ಕಡೆ ಎತ್ತಿಟ್ಟು, ಹಳೆಯದನ್ನು ಅಳಿಸಿದ. "ಈ ಡಬ್ಬಕ್ಕೆ ವಿಂಡೋಸ್ ಟೆನ್ ಹಿಡಿಸ್ತೈತೆ. ಅದಕ್ಕೂ ಮುಂದಿನ ವರ್ಷ ರಿಟೈರ್ಮೆಂಟು ಅಂತಾರೆ," ಎಂದ.

"ಇರಲಿ, ನನಗೆ ಸರಿಜೋಡಿ."

ಹೊಸದನ್ನು ಹಾಕುವಾಗ ಒಂದು ಕಡೆ ಉದ್ದನೆಯ ಇಂಗ್ಲಿಷ್ ಬರಹ ಬಂತು. ಕೆಳಗೆ ಒಪ್ಪಿಗೆ ಎಂಬ ಗುಂಡಿ. ಅಂಜನಕುಮಾರ ಕೈ ಚಾಚಿದ. ಸರ್ವಮಂಗಳಮ್ಮನವರ ಕೈ ಅವನ ಮಣಿಕಟ್ಟಿನ ಮೇಲೆ ಬಂತು. ಪಟ್ಟಿ ಇರಲಿಲ್ಲ, ಅಷ್ಟೆ.

"ಓದಿದ್ಯಾ?"

"ಇದನ್ನ ಯಾರೂ ಓದಲ್ಲ ಮೇಡಂ."

"ಇದು ಕರಾರು ಪತ್ರ ಕಣೋ. ಇಂಥವನ್ನ ಟೈಪ್ ಮಾಡೇ ನಾನು ಅನ್ನ ತಿಂದದ್ದು. ಸರಿ, ಓದ್ತೀನಿ."

ಕುರ್ಚಿ ಎಳೆದುಕೊಂಡು ಮೊದಲಿನಿಂದ ಓದಿದರು. ಅಂಜನಕುಮಾರ ಚಹಾ ತರಿಸಿದ, ಇಬ್ಬರು ಗಿರಾಕಿಗಳನ್ನು ಸಾಗಹಾಕಿದ, ಒಂದು ಮೊಬೈಲ್ ರಿಪೇರಿ ಮಾಡಿದ. ಅವರು ಪೂರ್ತಿ ಓದಿ ಕನ್ನಡಕ ತೆಗೆದರು.

"ಎಲ್ಲಾ ಹಕ್ಕೂ ಅವರಿಗೇ ಐತೆ. ನನ್ನ ಪರವಾಗಿ ಒಂದು ಸಾಲೂ ಇಲ್ಲ. ಇಂಥದ್ದಕ್ಕೆ ಸಹಿ ಹಾಕ್ತೀನಿ ಅಂತ ಯಾರಾದ್ರೂ ಬಂದ್ರೆ, ಬ್ಯಾಡ್ರಿ ಅಂತ ನಾನೇ ಹೇಳ್ತಿದ್ದೆ. ಒಪ್ಪದಿದ್ರೆ?"

"ಒಪ್ಪದಿದ್ರೆ ಡಬ್ಬ ಖಾಲಿ. ಶುಕ್ರವಾರ ಏನೂ ಇಲ್ಲ."

ಕಾಣದೆ ಸಾವಿರ ಸಲ ಒಪ್ಪಿದವರು ಕಣ್ಣಿಟ್ಟು ಓದಿದ ಒಂದನ್ನು ಒಪ್ಪಲು ಬಹಳ ಹೊತ್ತು ತೆಗೆದುಕೊಂಡರು. ಕೊನೆಗೆ ಒತ್ತಿದರು.

ಶುಕ್ರವಾರ ಬೆಳಿಗ್ಗೆ ವಾಮದೇವಪ್ಪ ತಕರಾರಿನ ಕರಡು ತಂದು ಕೊಟ್ಟರು. ಜೊತೆಗೆ ಫಕ್ರುನ್ನೀಸಾ ಸಹಿ ಹಾಕಲೆಂದು ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತರು. ಸರ್ವಮಂಗಳಮ್ಮ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಶುರು ಮಾಡಿದರು.

ಆಗಲಿಲ್ಲ. ಕಣ್ಣು ಪರದೆಯ ಮೇಲಿದ್ದರೆ ಪ್ರತಿಯ ಸಾಲು ತಪ್ಪುತ್ತಿತ್ತು. ಪ್ರತಿಯ ಮೇಲಿದ್ದರೆ ಪರದೆಯಲ್ಲಿ ಏನು ಬಂತೋ ಎಂದು ಮತ್ತೆ ಮತ್ತೆ ತಲೆ ತಿರುಗಿಸುತ್ತಿದ್ದರು. ಒಂದು ಸಾಲನ್ನು ಎರಡು ಸಲ ಹೊಡೆದರು, ಇನ್ನೊಂದನ್ನು ಬಿಟ್ಟೇಬಿಟ್ಟರು. ಪರದೆ ನೋಡಿದ್ದರಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಅವರ ಬೆರಳು ಒತ್ತಕ್ಷರಗಳಲ್ಲಿ ಆಗಾಗ ತಪ್ಪುತ್ತಿತ್ತು.

"ವಕೀಲ್ರೆ, ನನ್ನ ಟೈಪಿಂಗಿನಾಗೆ ಮೊದಲೂ ಹಿಂಗೆ ತಪ್ಪು ಇರ್ತಿದ್ವೇನು?"

ವಾಮದೇವಪ್ಪ ಕಿಟಕಿಯ ಹೊರಗೆ ನೋಡಿದರು. "ಇರ್ತಿದ್ವು. ನಮ್ಮ ಗುಮಾಸ್ತ ತಿದ್ದುತಿದ್ದ."

"ಯಾವಾಗಿಂದ?"

"ಮೊದ್ಲಿಂದ. ನಿಮಗೆ ಹೇಳೋ ಧೈರ್ಯ ಯಾರಿಗಿತ್ತು?"

ಬೇರೆ ದಿನವಾಗಿದ್ದರೆ ಆ ಮಾತನ್ನು ನುಂಗಿಕೊಳ್ಳಲು ಅವರಿಗೆ ಒಂದು ವಾರ ಬೇಕಾಗುತ್ತಿತ್ತು. ಅಂದು ಅಷ್ಟು ಹೊತ್ತಿರಲಿಲ್ಲ. ಮಧ್ಯಾಹ್ನ ದಾಟಿತ್ತು, ಅರ್ಧ ಪುಟವೂ ಆಗಿರಲಿಲ್ಲ. ವಾಮದೇವಪ್ಪ ಫೋನ್ ತೆಗೆದು ದಾವಣಗೆರೆಯ ನಂಬರ್ ಹುಡುಕತೊಡಗಿದ್ದನ್ನು ಅವರು ಕಂಡರು. ಈಗ ಎಲ್ಲವೂ ಕಾಣುತ್ತಿತ್ತು, ಅದೇ ತೊಂದರೆ.

"ಫಕ್ರುನ್ನೀಸಾ ಅವರೆ, ನಿಮಗೆ ಕನ್ನಡ ಓದಾಕೆ ಬರ್ತೈತೇನು?"

"ಏಳನೇ ಕ್ಲಾಸ್ ಓದೀನಿ ಅಮ್ಮಾ. ವಕೀಲ್ರ ಅಕ್ಷರಕ್ಕೆ ಅದು ಸಾಕಾಗ್ತೈತೋ ಇಲ್ಲೋ."

"ಅದಕ್ಕೆ ಎಂ.ಎ. ಓದಿದ್ರೂ ಸಾಲಲ್ಲ. ತಡವರಿಸಿದಲ್ಲಿ ನಾನು ಹೇಳ್ತೀನಿ. ನೀವು ಜೋರಾಗಿ ಓದ್ರಿ. ನಾನು ಇದನ್ನ ನೋಡ್ಕೊಂಡು ಹೊಡೀತೀನಿ."

ಫಕ್ರುನ್ನೀಸಾ ಓದಿದರು. ಬೆರಳುಗಳು ದಾರಿಗೆ ಬಂದವು. ಮೊದಲಿನ ವೇಗ ಇರಲಿಲ್ಲ, ಆದರೂ ಸಾಲು ತಪ್ಪಲಿಲ್ಲ. ಎರಡನೆಯ ಪುಟದಲ್ಲಿ ಫಕ್ರುನ್ನೀಸಾ ನಿಲ್ಲಿಸಿದರು.

"ವಕೀಲ್ರೆ, ಇಲ್ಲಿ ಮಾಲೀಕರ ಅಪ್ಪಾರ ಹತ್ರ ಅಂಗಡಿ ಹಿಡಿದೆ ಅಂತ ಬರೆದೀರಿ. ಅಪ್ಪಾರಲ್ಲ, ದೊಡ್ಡಪ್ಪಾರು. ಅವರ ಮಾತಿನ ಮೇಲೆ ನನ್ನ ಅಂಗಡಿ ನಿಂತೈತೆ."

ವಾಮದೇವಪ್ಪ ಫೋನ್ ಜೇಬಿಗಿಟ್ಟು ಎದ್ದು ಬಂದರು. ಕರಡನ್ನು ನೋಡಿದರು, ಫಕ್ರುನ್ನೀಸಾರನ್ನು ನೋಡಿದರು. "ತಿದ್ರಿ," ಎಂದರು.

ಕೊನೆಯ ಪುಟದ ನಡುವೆ ಪರದೆಯಲ್ಲಿ ಒಂದು ಚೌಕ ಎದ್ದಿತು. ಸರ್ವಮಂಗಳಮ್ಮ ಎರಡೂ ಕೈಗಳನ್ನು ಕೀಲಿಗಳಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು.

"ಏನಾತ್ರಿ?" ಎಂದರು ವಾಮದೇವಪ್ಪ.

"ತಡೀರಿ, ಓದ್ತೀನಿ. ಹೊಸ ರಕ್ಷಣೆ ಬಂದೈತಂತೆ. ಮಶೀನ್ ನಿಲ್ಲಿಸಿ ಮತ್ತೆ ಶುರು ಮಾಡಬೇಕಂತೆ. ಈಗಲೇ ಮಾಡ್ಲಾ, ಆಮೇಲೆ ನೆನಪಿಸ್ಲಾ ಅಂತ ಕೇಳ್ತೈತೆ."

"ಆಮೇಲೆ ಅಂತ ವಾಯಿದೆ ಕೇಳ್ರಿ. ಅದನ್ನ ಯಾರೂ ಇಲ್ಲ ಅನ್ನಲ್ಲ."

"ಇಷ್ಟು ವರ್ಷ ವಾಯಿದೆ ಕೇಳೇ ನಾನು ಈ ಸ್ಥಿತಿಗೆ ಬಂದದ್ದು. ಸಂಜೆ ಆರಕ್ಕೆ ಅಂತ ಹಾಕ್ತೀನಿ. ಮನೆಗೆ ಹೋಗೋ ಮೊದಲು ನಾನೇ ನಿಂತು ಮಾಡಿಸ್ತೀನಿ."

ಹಾಗೆಯೇ ಸಮಯ ಹಾಕಿ, ಚೌಕ ಹೋದದ್ದನ್ನು ಕಣ್ಣಾರೆ ನೋಡಿ, ಮುಂದಿನ ಸಾಲಿಗೆ ಹೋದರು.

ಟೈಪ್ ಮುಗಿದ ಮೇಲೆ ತಕರಾರು ತುಂಬಿದ ಹೊಸ ಪೆನ್ ಡ್ರೈವ್ ತೆಗೆದುಕೊಂಡು ವಾಮದೇವಪ್ಪ ತಮ್ಮ ಆಫೀಸಿಗೆ ಇಳಿದು ಹೋದರು, ಹಿಂದೆಯೇ ಫಕ್ರುನ್ನೀಸಾ. ಸರ್ವಮಂಗಳಮ್ಮ ಕಿಟಕಿಯಲ್ಲಿ ನಿಂತರು. ಎದುರಿನ ಸಾಲಿನಲ್ಲಿ ವಕೀಲರ ಆಫೀಸಿನ ಬಾಗಿಲು ಕಾಣುತ್ತಿತ್ತು, ಒಳಗಿನ ಕಂಪ್ಯೂಟರ್ ಕಾಣುತ್ತಿರಲಿಲ್ಲ. ಕೆಂಪಗಾಯಿತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗುಮಾಸ್ತ ಕಾಗದದ ಕಟ್ಟು ಹಿಡಿದು ಕೋರ್ಟಿನ ಕಡೆಗೆ ಓಡಿದ. ಫಕ್ರುನ್ನೀಸಾ ಅವನ ಹಿಂದೆ ಸೆರಗು ಸರಿಪಡಿಸಿಕೊಳ್ಳುತ್ತ ಬೇಗ ಬೇಗ ನಡೆದರು.

ಸಂಜೆ ವಾಮದೇವಪ್ಪ ಮತ್ತೆ ಮೆಟ್ಟಿಲು ಹತ್ತಿ ಬಂದು ಇನ್ನೊಂದು ಕಟ್ಟನ್ನು ಮೇಜಿನ ಮೇಲಿಟ್ಟರು. ಅದೇ ಓದಲಾರದ ಅಕ್ಷರ.

"ಲೋಕಿಕೆರೆ ಬಕ್ಕೇಶಪ್ಪನ ದಾವೆ. ಬುಧವಾರಕ್ಕೆ ಬೇಕು. ಸ್ವಲ್ಪ ತಡ ಆದ್ರೂ ನಡೀತೈತೆ."

"ಬಕ್ಕೇಶಪ್ಪನಿಗೆ ಓದಾಕೆ ಬರ್ತೈತೇನು?"

"ಬರ್ತೈತೆ ಅನ್ಕೊಂತೀನಿ."

"ಹಂಗಾದ್ರೆ ಅವನನ್ನೂ ಕಳಿಸ್ರಿ. ಏನು ಬರೆದೀರಿ ಅಂತ ಅವನಿಗೂ ಗೊತ್ತಾಗ್ಲಿ," ಎಂದು ಸರ್ವಮಂಗಳಮ್ಮ ಕಟ್ಟನ್ನು ಎಳೆದುಕೊಂಡರು. ಆಮೇಲೆ ಗಡಿಯಾರ ನೋಡಿದರು. ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಕುರ್ಚಿಯನ್ನು ಪರದೆಯ ಎದುರಿಗೆ ಹಾಕಿಕೊಂಡು ಕೂತರು.