ಅಳಿಸಿದ ದಡ

ಹಲ್ಲಿ ಲೊಚಗುಟ್ಟಿದರೆ ಸಾಕು, ಹೊರಟವರನ್ನು ಕೂರಿಸಿ ಒಂದು ಲೋಟ ನೀರು ಕುಡಿಸುತ್ತಿದ್ದ ನನ್ನ ಅತ್ತೆಯನ್ನು ನಾನು ಗೇಲಿ ಮಾಡಿದ್ದು ಅಷ್ಟಿಷ್ಟಲ್ಲ. ಶಕುನವೆಲ್ಲ ಕೆಲಸವಿಲ್ಲದವರ ಮಾತು ಎನ್ನುತ್ತಿದ್ದವಳು ನಾನು. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕದಲ್ಲಿ ಅಮೆರಿಕದ ಫೇರ್‌ಫ್ಯಾಕ್ಸ್‌ನ ಒಂದು ಆಫೀಸಿನಲ್ಲಿ ನಕ್ಷೆ ಬಿಡಿಸುತ್ತಿದ್ದೆ. ಅಲಾಸ್ಕಾದ ಉತ್ತರದ ತುದಿಯಲ್ಲಿ ನದಿಯೊಂದು ಕವಲೊಡೆದು ಸಮುದ್ರ ಸೇರುವ ಜಾಗದ ನಕ್ಷೆ. ವಿಮಾನದಿಂದ ತೆಗೆದ ಫೋಟೋ ಮೇಲೆ ಪಾರದರ್ಶಕ ಹಾಳೆ ಹಾಸಿ, ದಡದ ಗೆರೆ ಎಳೆಯಬೇಕು. ಅಲ್ಲಿಯ ದಡ ಬರೀ ಹೆಪ್ಪುಗಟ್ಟಿದ ಮಣ್ಣು. ಬೇಸಿಗೆಯಲ್ಲಿ ಅಲೆಗಳು ಬುಡ ಕರಗಿಸಿದರೆ ಮೇಲಿನ ನೆಲ ಇಡಿಯಾಗಿ ಕಳಚಿ ಬೀಳುತ್ತದೆ. ಅದಕ್ಕೇ ವರ್ಷ ವರ್ಷವೂ ಹೊಸ ಗೆರೆ.

ಅಲ್ಲಿಗೇ ಹೋಗಿ ದಡ ಅಳೆಯುತ್ತಿದ್ದವನು ನಮ್ಮ ಆಫೀಸಿನ ಬಸು, ಬಾಗಲಕೋಟೆಯ ಹುಡುಗ. ಭಾನುವಾರದ ಊಟ ನಮ್ಮ ಮನೆಯಲ್ಲೇ. ಒಡಹುಟ್ಟಿದವರಿಲ್ಲದ ನನ್ನನ್ನು ಅಕ್ಕ ಎಂದವನು ಅವನೊಬ್ಬನೇ.

ಅವನು ಅಲ್ಲಿದ್ದ ಒಂದು ಮಧ್ಯಾಹ್ನ, ಹಿಂದಿನ ವರ್ಷದ ಫೋಟೋ ಮೇಲೆ ಗೆರೆ ಎಳೆಯುತ್ತಿದ್ದೆ. ದಡದಲ್ಲೊಂದು ಹಳೇ ಗುಡಿಸಲಿತ್ತು. ನನ್ನ ಪೆನ್ಸಿಲ್ ಅದರ ಹಿಂಬದಿಯಿಂದ ಹೋಯಿತು. ನಕ್ಷೆಯಲ್ಲಿ ಗುಡಿಸಲು ಸಮುದ್ರದ ಪಾಲಾಯಿತು. ಅಳಿಸಿದೆ. ಮತ್ತೆ ಎಳೆದೆ, ಮತ್ತೆ ಅಲ್ಲೇ. ಮೂರನೆಯ ಸಲವೂ! ದಡ ಕಣ್ಣಿಗೆ ಕಾಣುತ್ತಿತ್ತು, ಕೈ ಮಾತ್ರ ಕೇಳಲಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಅಷ್ಟರಲ್ಲಿ ಬಸುವಿನ ಫೋನ್. ಸಾಮಾನು ಕೊಳ್ಳಲು ಅಲ್ಲಿಯ ಹಳ್ಳಿಗೆ ಬಂದಿದ್ದನಂತೆ.

“ಅಕ್ಕಾರ, ಆ ಹಳೇ ಗುಡಿಸಲ ಐತಲ್ರಿ, ಅದರ ಬಾಜೂಕ ಟೆಂಟ್ ಹಾಕೀವ್ರಿ. ಒಳಗ ಸೊಳ್ಳಿ ಕಾಟ ಭಾಳ. ದಂಡಿಗೆ ಗಾಳಿ ಛಲೋ ಬೀಸತೈತಿ.”

ಆ ಗೆರೆಯ ವಿಷಯ ಹೇಳಲೆಂದು ಬಾಯಿ ತೆರೆದೆ. ಅತ್ತೆಯ ಹಲ್ಲಿ ನೆನಪಾಗಿ ನಾಚಿಕೆಯಾಯಿತು. “ಬೇಗ ಬಾ, ಹೋಳಿಗೆ ಮಾಡ್ತೀನಿ” ಎಂದು ಫೋನಿಟ್ಟೆ.

ಮರುದಿನ ಬಿರುಗಾಳಿಗೆ ದಡ ಕುಸಿಯಿತು. ಜೊತೆಗಿದ್ದವನು ಬದುಕಿದ. ಬಸು ಸಿಗಲೇ ಇಲ್ಲ.

ಊರಿಗೆ ಫೋನ್ ಮಾಡಿದಾಗ ಅವನ ತಾಯಿ ಕೇಳಿದ್ದು ಒಂದೇ: “ಕಡೀಕ ಏನಂದನವಾ ನನ್ನ ಮಗ?”

“ಗಾಳಿ ಚೆನ್ನಾಗಿದೆ ಅಂದ, ಅಮ್ಮ” ಎಂದೆ. ನಾನು ಹೇಳದೆ ಬಿಟ್ಟದ್ದನ್ನು ಅವರಿಗೂ ಹೇಳಲಿಲ್ಲ.

ಮುಂದಿನ ಬೇಸಿಗೆಯ ಫೋಟೋ ಬಂದಾಗ ನನ್ನ ಹಳೇ ಹಾಳೆಯನ್ನು ಅದರ ಮೇಲೆ ಹಾಸಿದೆ. ಅಳಿಸಿದ ಗೆರೆಯ ಗುರುತು ಇನ್ನೂ ಉಳಿದಿತ್ತು. ಹೊಸ ದಡ ಕೂದಲೆಳೆಯಷ್ಟೂ ಆಚೀಚೆಯಾಗದೆ ಅದರ ಕೆಳಗೇ ಇತ್ತು.

ನನ್ನ ಕೈಗೆ ಅದು ಹೇಗೆ ಗೊತ್ತಾಯಿತೋ, ಇಂದಿಗೂ ಅರ್ಥವಾಗಿಲ್ಲ. ಶಕುನವನ್ನು ಈಗಲೂ ನಂಬುವುದಿಲ್ಲ. ಆದರೆ ಅತ್ತೆ ನಂಬಿ ಮಾಡುತ್ತಿದ್ದುದಾದರೂ ಏನು? ಹೊರಟವರನ್ನು ಒಂದು ಗಳಿಗೆ ಕೂರಿಸುತ್ತಿದ್ದರು, ಅಷ್ಟೇ. ನನ್ನಿಂದ ಅಷ್ಟೂ ಆಗಲಿಲ್ಲ.